ಏರಿಯೋ, ಕೋಟೆಯೋ?

ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದ ಸುತ್ತಲಿನ ಬಯಲನ್ನು ಉಪಗ್ರಹ ಚಿತ್ರದಲ್ಲಿ ನೋಡುತ್ತಾ ಹೋದರೆ, ಹೊಲದ ಬದುವಿಗೂ ದಾರಿಗೂ ಹೊಂದದ ಬಾಗಿದ ಗೆರೆಯೊಂದು ಕಣ್ಣಿಗೆ ಬಿದ್ದೀತು. ಕೂಡಲೇ ‘ಪಾಳು ಕೋಟೆ’ ಎಂದು ವಾಟ್ಸ್ಆ್ಯಪ್‌ಗೆ ಹಾಕುವವರುಂಟು. ಸ್ವಲ್ಪ ತಡೆಯಿರಿ. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಅದು ಒಡೆದ ಕೆರೆಯ ಏರಿ ಆಗಿರುವ ಸಂಭವವೇ ಹೆಚ್ಚು.

ಏರಿ ಹಳ್ಳಕ್ಕೆ ಅಡ್ಡಲಾಗಿ ಸಾಗಿ, ಎರಡೂ ತುದಿಯಲ್ಲಿ ದಿಣ್ಣೆಗೆ ತಾಗಿ ನಿಂತುಬಿಡುತ್ತದೆ. ಒಂದು ಮಗ್ಗುಲಿಗೆ ಗೋಡು ತುಂಬಿದ ಸಪಾಟು ಅಂಗಳ, ಇನ್ನೊಂದು ಮಗ್ಗುಲಿಗೆ ಗದ್ದೆಬಯಲು. ನಡುವೆ ತುಂಡಾಗಿದ್ದರೆ ಅದು ನೀರು ಕಿತ್ತುಕೊಂಡು ಹೋದ ಜಾಗ. ಕೋಟೆಯ ಗೆರೆ ಹಾಗಲ್ಲ, ಸುತ್ತಿ ಬಂದು ಕೂಡಿಕೊಳ್ಳುತ್ತದೆ. 1501ರಲ್ಲಿ ಮಲ್ಲಬೈರೇಗೌಡ ಮಣ್ಣಿನಲ್ಲಿ ಕಟ್ಟಿಸಿ, ಮುಂದೆ ಕಲ್ಲಿನದಾದ ದೇವನಹಳ್ಳಿ ಕೋಟೆಯನ್ನು ಮೇಲಿನಿಂದ ನೋಡಿ: ಉದ್ದುದ್ದನೆಯ ದುಂಡು, ಅಂಚಿನುದ್ದಕ್ಕೂ ಅರ್ಧಚಂದ್ರದ ಬುರುಜುಗಳು.

ಮುಚ್ಚಿಹೋದ ಕಂದಕವೂ ಗುರುತು ಬಿಟ್ಟುಕೊಡುತ್ತದೆ. ಅದರಲ್ಲಿ ತುಂಬಿದ ಹೂಳು ತೇವ ಹಿಡಿದಿಟ್ಟು ಮೇಲಿನ ಪೈರನ್ನು ಹಸಿರಾಗಿಡುತ್ತದೆ. ನೆಲದಡಿ ಗೋಡೆಯಿದ್ದರೆ ಬೇರಿಗೆ ಮಣ್ಣು ಸಾಲದೆ ಪೈರು ಬೇಗ ಬಾಡುತ್ತದೆ. ಹಾಗಾಗಿ ಮಳೆ ಕೈಕೊಟ್ಟ ವರ್ಷದ ಚಿತ್ರಗಳೇ ಹೆಚ್ಚು ಉಪಯುಕ್ತ, ರೈತನಿಗೆ ಅದೆಷ್ಟೇ ಕಷ್ಟದ ವರ್ಷವಾಗಿರಲಿ.

ಜೆಸಿಬಿ ಬರುವುದಕ್ಕೆ ಮುಂಚಿನ ನೆಲ ನೋಡಬೇಕೆಂದರೆ ಕರೋನಾ ಚಿತ್ರಗಳಿವೆ. ಕಾಯಿಲೆಯಲ್ಲ, ಅಮೆರಿಕದ ಬೇಹುಗಾರಿಕೆ ಉಪಗ್ರಹ! ಅದು ಪ್ಯಾರಾಚೂಟ್ ಕಟ್ಟಿ ಕೆಳಗೆ ಬಿಟ್ಟ ಫಿಲ್ಮ್ ಡಬ್ಬಿಯನ್ನು ವಿಮಾನದವರು ನಡುಗಾಳಿಯಲ್ಲೇ ಹಿಡಿಯುತ್ತಿದ್ದರು. 1960ರಿಂದ 1972ರವರೆಗಿನ ಆ ಗುಟ್ಟಿನ ಚಿತ್ರಗಳು 1995ರಲ್ಲಿ ಬಯಲಾದವು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಎಂ.ಬಿ. ರಜನಿ ಬೇರೆ ಬೇರೆ ಕಾಲದ ಉಪಗ್ರಹ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಹಳೇಬೀಡು, ನಾಲಂದಾಗಳ ಹಳೆಯ ನೆಲೆಗಳನ್ನು ಅಧ್ಯಯನ ಮಾಡಿದ್ದಾರೆ.

ಆದರೂ ಚಿತ್ರ ಹೇಳುವುದು ‘ಇಲ್ಲಿ ಏನೋ ಇದೆ’ ಎಂದಷ್ಟೇ. ಇದೇ ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದ ದಿಬ್ಬ ಬೌದ್ಧ ಚೈತ್ಯದ ನೆಲೆಯೆಂದು ತಿಳಿದದ್ದು ಉತ್ಖನನದಿಂದ. ಹರಕೆಯ ಪುಟ್ಟ ಪುಟ್ಟ ಮಣ್ಣಿನ ಸ್ತೂಪಗಳು ಅಲ್ಲಿ ರಾಶಿರಾಶಿ ಸಿಕ್ಕವು.

ನಿಮ್ಮೂರಲ್ಲೂ ಅಂಥ ಗೆರೆ ಕಂಡರೆ ಮೊದಲು ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ತೆಗೆದು, ಪಹಣಿಯಲ್ಲಿ ಕೆರೆ ಎಂದಿದೆಯೇ ನೋಡಿ. ಆಮೇಲೆ ಬಿಸಿಲೇರುವ ಮುನ್ನ ಒಮ್ಮೆ ನಡೆದು ಬನ್ನಿ. ಆ ಹೊತ್ತಿನಲ್ಲಿ ಗೇಣೆತ್ತರದ ಉಬ್ಬಿಗೂ ಉದ್ದ ನೆರಳಿರುತ್ತದೆ. ಗುದ್ದಲಿ ಮಾತ್ರ ಒಯ್ಯಬೇಡಿ, ಅಗೆಯುವ ಕೆಲಸ ಪುರಾತತ್ವ ಇಲಾಖೆಗಿರಲಿ.