ಆ ಸ್ಟೇಡಿಯಂ ಕಟ್ಟಿದ್ದು ಯಾರು?

2022ರಲ್ಲಿ ಮೆಸ್ಸಿ ವಿಶ್ವಕಪ್ ಎತ್ತಿದ್ರಲ್ಲ,
ಕತಾರ್‌ನ ಆ ಲುಸೈಲ್ ಸ್ಟೇಡಿಯಂ ಕಟ್ಟಿದ್ದು ಯಾರು ಗೊತ್ತಾ?

ನೇಪಾಳ, ಬಾಂಗ್ಲಾದೇಶ, ನಮ್ಮ ಭಾರತದಿಂದ ಹೋದ ಕಾರ್ಮಿಕರು.

ಅಲ್ಲಿ ಕಫಾಲಾ ಅನ್ನೋ ಪದ್ಧತಿ ಇತ್ತು.
ಅದು ಹೇಗಂದ್ರೆ, ಸಾಲ ಮಾಡಿ ಟಿಕೆಟ್ ತಗೊಂಡು ಬಸ್ ಹತ್ತಿದ್ದೀರಿ ಅಂದ್ಕೊಳ್ಳಿ,
ಆದ್ರೆ ಕಂಡಕ್ಟರ್ ಒಪ್ಪದೆ ಇಳಿಯೋ ಹಾಗಿಲ್ಲ.
ಹಾಗೇ, ಮಾಲೀಕ ಒಪ್ಪದೆ ಕೆಲಸ ಬಿಡೋ ಹಾಗಿರ್ಲಿಲ್ಲ!

ಕಾನೂನು ಬದಲಾಯ್ತು, ನಿಜ.
ಆದ್ರೆ 2020ರಲ್ಲಿ.
ಕತಾರ್‌ಗೆ ವಿಶ್ವಕಪ್ ಆತಿಥ್ಯ ಸಿಕ್ಕಿ 10 ವರ್ಷ ಆದ್ಮೇಲೆ.

ವಿಶ್ವಕಪ್‌ಗೆ ಸಂಬಂಧಿಸಿದ ಕೆಲಸಗಳಲ್ಲಿ ಸತ್ತ ಕಾರ್ಮಿಕರೆಷ್ಟು?
ಆಯೋಜಕರ ಮುಖ್ಯಸ್ಥರೇ ಟಿವಿಯಲ್ಲಿ ಹೇಳಿದ್ದು,
400ರಿಂದ 500.

ಇನ್ನೂ ಸಂಕಟದ ಮಾತು ಕೇಳಿ.
ಬಿಸಿಲಲ್ಲಿ ದುಡಿದ ಎಷ್ಟೋ ಯುವಕರ ಮರಣ ಪ್ರಮಾಣಪತ್ರದಲ್ಲಿ
'ಸಹಜ ಸಾವು' ಅಂತ ಬರೆದ್ರು.
ಹಾಗೆ ಬರೆದ್ರೆ, ಮನೆಯವರಿಗೆ ಪರಿಹಾರ ಸಿಗಲ್ಲ.

2034ರ ವಿಶ್ವಕಪ್ ಸೌದಿ ಅರೇಬಿಯಾದಲ್ಲಿ.
ಅಲ್ಲಿ ಕಾರ್ಮಿಕ ಸತ್ರೆ, ಕಾರಣ ಯಾರು ತನಿಖೆ ಮಾಡ್ತಾರೆ?
ವಿಶ್ವಕಪ್ ನಡೆಸೋ ಫಿಫಾ ಇದಕ್ಕೆ ಈಗಲೇ ಉತ್ತರ ಕೊಡ್ಬೇಕು.