ಗಡಿಯಾಚೆ ಎದ್ದ ಮೈದಾನ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ ರಿವರ್ ಆಗ ಹತ್ತಿ ಗಿರಣಿಗಳ ಊರಾಗಿತ್ತು. ಇಂಗ್ಲೆಂಡಿನ ಲ್ಯಾಂಕಾಷೈರ್‌ನಿಂದ ಗಿರಣಿ ಕೆಲಸ ಹುಡುಕಿಕೊಂಡು ಬಂದವರು ಫುಟ್‌ಬಾಲ್ ಹುಚ್ಚನ್ನೂ ಜೊತೆಗೇ ತಂದಿದ್ದರು. ಅವರಿಗೆ ಪೂರ್ತಿ ಬಿಡುವು ಸಿಗುತ್ತಿದ್ದದ್ದು ಭಾನುವಾರ. ಆದರೆ ಆ ದಿನ ಟಿಕೆಟ್ ಮಾರಿ ವೃತ್ತಿಪರ ಪಂದ್ಯ ಆಡಿಸುವುದಕ್ಕೆ ರಾಜ್ಯದ ಕಾನೂನು ಅಡ್ಡಿಯಾಗಿತ್ತು. 1922ರಲ್ಲಿ ಊರಿನ ತಂಡವನ್ನು ಕೊಂಡ ಸ್ಯಾಮ್ ಮಾರ್ಕ್ ಕಾನೂನಿನ ಜೊತೆ ಗುದ್ದಾಡಲು ಹೋಗಲಿಲ್ಲ. ಗಡಿಗೆ ತಾಗಿಕೊಂಡಂತಿದ್ದ ನಾರ್ತ್ ಟಿವರ್ಟನ್‌ನಲ್ಲಿ, ಅಂದರೆ ಪಕ್ಕದ ರೋಡ್ ಐಲೆಂಡ್ ರಾಜ್ಯದ ನೆಲದಲ್ಲಿ, 15,000 ಜನ ಹಿಡಿಸುವ ಮೈದಾನವನ್ನೇ ಕಟ್ಟಿಸಿದ. ತಂಡದ ಹೆಸರು ಮಾರ್ಕ್ಸ್‌ಮೆನ್ ಎಂದಾಯಿತು.

1921ರಲ್ಲಿ ಹುಟ್ಟಿದ ಅಮೆರಿಕನ್ ಸಾಕರ್ ಲೀಗ್ ಬೆಳೆದದ್ದು ಇಂಥ ಕೈಗಾರಿಕಾ ಊರುಗಳ ಬೆಂಬಲದಿಂದ. 1924–25ರ ಋತುವಿಗೆ ತಂಡಗಳು 8ರಿಂದ 12ಕ್ಕೇರಿದವು, ಒಂದೊಂದಕ್ಕೂ 44 ಪಂದ್ಯ. ಹೊಸದಾಗಿ ಸೇರಿದ ಬೋಸ್ಟನ್ ತಂಡ ಸ್ಕಾಟ್ಲೆಂಡಿನ ಅಂತರರಾಷ್ಟ್ರೀಯ ಆಟಗಾರ ಅಲೆಕ್ಸ್ ಮೆಕ್‌ನ್ಯಾಬ್‌ನನ್ನು ಕರೆಸಿಕೊಂಡಿತು. ವಾರಕ್ಕೆ 25 ಡಾಲರ್, ಮೇಲೆ ಕಾರ್ಖಾನೆಯಲ್ಲೊಂದು ಕೆಲಸ.

ಆ ವರ್ಷದ ದೊಡ್ಡ ಸಾಧನೆ ಉಕ್ಕಿನ ಕಾರ್ಖಾನೆಯ ತಂಡದಿಂದ ಬಂತು. ಗ್ಲಾಸ್ಗೋದಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದಿದ್ದ ಆರ್ಚಿ ಸ್ಟಾರ್ಕ್ 1924ರಲ್ಲಿ ನ್ಯೂಯಾರ್ಕ್ ತಂಡ ಬಿಟ್ಟು ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಸ್ಟೀಲ್ ಸೇರಿದ. ಲೀಗ್‌ನಲ್ಲಿ ಅವನು ಹೊಡೆದದ್ದು 67 ಗೋಲು.

ಈ 67ರ ತೂಕ ತಿಳಿಯಬೇಕಾದರೆ ಅಂದಿನ ಆಫ್‌ಸೈಡ್ ನಿಯಮ ನೋಡಬೇಕು. ಚೆಂಡು ಮುಂದಕ್ಕೆ ಬರುವಾಗ ದಾಳಿಗಾರನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಕನಿಷ್ಠ ಮೂವರು ಇರಬೇಕಿತ್ತು. ರಕ್ಷಕನೊಬ್ಬ ಸರಿಯಾದ ಹೊತ್ತಿಗೆ ಎರಡು ಹೆಜ್ಜೆ ಮುಂದೆ ಬಂದರೆ ಸಾಕು, ದಾಳಿ ಅಲ್ಲಿಗೇ ಮುಗಿಯಿತು. ಮೂವರನ್ನು ಇಬ್ಬರಿಗೆ ಇಳಿಸಿದ್ದು 1925ರ ಜೂನ್‌ನಲ್ಲಿ. ಎಲ್ಲರೂ ನೆನೆಯುವ ಇಂಗ್ಲೆಂಡಿನ ಡಿಕ್ಸಿ ಡೀನ್ ತನ್ನ 60 ಗೋಲುಗಳನ್ನು ಹೊಡೆದದ್ದು ಈ ಸಡಿಲಿಕೆಯ ನಂತರ, 1927–28ರಲ್ಲಿ. ಸ್ಟಾರ್ಕ್‌ಗೆ ಆ ಅನುಕೂಲ ಇರಲಿಲ್ಲ. ಡೀನ್ ಹೆಸರಿನ ಪಕ್ಕದಲ್ಲೇ ನಿಲ್ಲಬೇಕಾದ ಹೆಸರು ಇದು.

ಅಷ್ಟು ಗೋಲು ಬಿದ್ದರೂ ಲೀಗ್ ಪಟ್ಟ ಫಾಲ್ ರಿವರ್‌ಗೇ ಹೋಯಿತು. ಗೇಟಿನ ಹಣದ ಪಾಲಿಗಾಗಿ ರಾಷ್ಟ್ರೀಯ ಸಂಸ್ಥೆಯೊಂದಿಗೆ ಜಗಳವಾಡಿದ ಲೀಗ್, ಆ ವರ್ಷ ರಾಷ್ಟ್ರೀಯ ಚಾಲೆಂಜ್ ಕಪ್ಪನ್ನೇ ಬಹಿಷ್ಕರಿಸಿತು. ಬದಲಿಗೆ ಬೆತ್ಲೆಹೆಮ್ ಕಂಪನಿಯ ಅಧಿಕಾರಿ ಎಡ್ಗರ್ ಲೂಯಿಸ್ ಹೆಸರಿನ ಕಪ್ ನಡೆಯಿತು, ಬೋಸ್ಟನ್ ಗೆದ್ದಿತು. ಮರುವರ್ಷ ರಾಜಿಯಾಗಿ ತಂಡಗಳು ಚಾಲೆಂಜ್ ಕಪ್ಪಿಗೆ ಮರಳಿದವು. ಬ್ರೂಕ್ಲಿನ್‌ನ ಫೈನಲ್‌ನಲ್ಲಿ ಬೆತ್ಲೆಹೆಮ್, ಸೇಂಟ್ ಲೂಯಿಸ್‌ನ ಬೆನ್ ಮಿಲ್ಲರ್ಸ್ ತಂಡವನ್ನು 7–2ರಿಂದ ಸೋಲಿಸಿತು.