ಆವರ್ತಕ ಠೇವಣಿ: ಕಂತು ಕಟ್ಟುವವರು ಅರಿತಿರಬೇಕಾದ ಲೆಕ್ಕ

ಮಹಾನಗರದಲ್ಲಿ ಸಂಬಳ ತಿಂಗಳಿಗೊಮ್ಮೆ ಬರುತ್ತದೆ. ಖರ್ಚಿಗೆ ಅಂಥ ನಿಯಮವಿಲ್ಲ. ಮನೆ ಬಾಡಿಗೆ, ರೈಲಿನ ಪಾಸು, ಮಕ್ಕಳ ಶಾಲೆಯ ಶುಲ್ಕ, ಊರಿನಲ್ಲಿರುವ ಹಿರಿಯರ ಔಷಧೋಪಚಾರ ಇವೆಲ್ಲ ಕಳೆದು ಮಿಕ್ಕಿದ್ದನ್ನು ಕೂಡಿಡುತ್ತೇನೆ ಎಂದವನ ಕೈಯಲ್ಲಿ ಏನೂ ಮಿಗುವುದಿಲ್ಲ. ಹೀಗಾಗಿಯೇ ಸಂಬಳ ಬಂದೊಡನೆ ಒಂದು ಗೊತ್ತಾದ ಮೊತ್ತವನ್ನು ತೆಗೆದಿಡುವ ಆವರ್ತಕ ಠೇವಣಿ, ರೂಢಿಯ ಮಾತಿನಲ್ಲಿ ಆರ್.ಡಿ., ಠಾಣೆ, ಡೊಂಬಿವಲಿ, ಕಲ್ಯಾಣಗಳ ಕನ್ನಡ ಕುಟುಂಬಗಳಿಗೆ ಚಿರಪರಿಚಿತವಾದುದು. ವರ್ತಕ ನಗರವೆಂಬ ಹೆಸರು ಕೇಳಿ ಅದನ್ನು ವ್ಯಾಪಾರಿಗಳ ಪೇಟೆಯೆಂದು ಭಾವಿಸಬೇಕಾಗಿಲ್ಲ. ವರ್ತಕ ಎಂಬುದು ಮರಾಠಿ ಮನೆತನವೊಂದರ ಹೆಸರು. ಪೋಖರಣ್ ರಸ್ತೆಯ ಉಣ್ಣೆ ಗಿರಣಿ, ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ಕಾಲದಿಂದಲೂ ಇದು ಸಂಬಳದವರ ಬಡಾವಣೆ. ಅಂಥವರ ಸಣ್ಣ ಉಳಿತಾಯಕ್ಕೆ ಸಲ್ಲಬೇಕಾದ ಬಡ್ಡಿ ಪೂರ್ತಿಯಾಗಿ ಸಲ್ಲುವುದೇ, ಎಲ್ಲಿ ಸೋರಿಹೋಗುತ್ತದೆ ಎಂಬುದು ವಿಚಾರಾರ್ಹ.

ಕಂತಿನ ಉಳಿತಾಯವು ಕನ್ನಡ ನಾಡಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಡಾ. ಟಿ. ಎಂ. ಎ. ಪೈಯವರ ಹೆಸರಿನೊಡನೆ ಬೆಸೆದುಕೊಂಡ ಈ ಯೋಜನೆಯಲ್ಲಿ ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಹಣವನ್ನೂ ಪಡೆಯುತ್ತಿದ್ದನು. ದಿನಕ್ಕೆ ಎರಡಾಣೆಯೆಂದರೆ ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ. ಬಡವನಿಗೆ ಉಳಿಸುವ ಮನಸ್ಸಿಲ್ಲವೆಂಬ ಮಾತನ್ನು ಆ ಹನ್ನೆರಡಾಣೆಗಳು ಸುಳ್ಳಾಗಿಸಿದವು. ಆ ಸಂಸ್ಥೆ 1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎನಿಸಿತು, 1969ರಲ್ಲಿ ರಾಷ್ಟ್ರೀಕೃತವಾಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಆವರ್ತಕ ಠೇವಣಿಯು ಈ ಪಿಗ್ಮಿಯ ಸಂಬಳದಾರ ಸೋದರನೆನ್ನಬಹುದು: ಅಲ್ಲಿ ದಿನದ ಕಂತು, ಇಲ್ಲಿ ತಿಂಗಳ ಕಂತು.

ಇನ್ನು ಲೆಕ್ಕ. ಅಂಚೆ ಕಚೇರಿಯ ಐದು ವರ್ಷದ ಆವರ್ತಕ ಠೇವಣಿಯ ಬಡ್ಡಿಯನ್ನು 2023ರ ಅಕ್ಟೋಬರ್ 1ರಂದು ಶೇಕಡಾ 6.7ಕ್ಕೆ ಏರಿಸಲಾಯಿತು. ಆ ದರದಲ್ಲಿ ತಿಂಗಳಿಗೆ 1,000 ರೂಪಾಯಿಯಂತೆ 60 ಕಂತು ಕಟ್ಟಿದವರಿಗೆ ಅವಧಿಯ ಕೊನೆಗೆ ದೊರೆಯುವುದು 71,366 ರೂಪಾಯಿ. ಅಂದರೆ 60,000ಕ್ಕೆ ಐದು ವರ್ಷದ ಬಡ್ಡಿ 11,366 ಮಾತ್ರ. ಇದೇ 60,000ವನ್ನು ಇದೇ ದರದಲ್ಲಿ, ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿಯಂತೆ, ಒಂದೇ ಗಂಟಾಗಿ ಇಟ್ಟಿದ್ದರೆ 23,600ಕ್ಕೂ ಮಿಕ್ಕಿ ಬಡ್ಡಿ ಬರುತ್ತಿತ್ತು. ಹಾಗಾದರೆ ಅಂಚೆಯವರು ಅರ್ಧ ಬಡ್ಡಿಯನ್ನು ನುಂಗಿದರೆ? ಇಲ್ಲ. ಮೊದಲ ಕಂತು ಅಲ್ಲಿ 60 ತಿಂಗಳು ಇರುತ್ತದೆ, ಕೊನೆಯದು ಒಂದೇ ತಿಂಗಳು. ಸರಾಸರಿಯಲ್ಲಿ ಪ್ರತಿಯೊಂದು ರೂಪಾಯಿಯೂ ದುಡಿಯುವುದು ಅರ್ಧ ಅವಧಿ ಮಾತ್ರ, ದುಡಿದಷ್ಟಕ್ಕೆ ಕೂಲಿ. ಬ್ರಿಟನ್ನಿನ ಬ್ಯಾಂಕುಗಳು ಕಂತಿನ ಉಳಿತಾಯಕ್ಕೆ ಆಕರ್ಷಕ ದರವನ್ನು ಸಾರುತ್ತವೆ. ಆದರೆ ತಿಂಗಳಿಗೆ ಇಂತಿಷ್ಟೇ ಕಟ್ಟಬೇಕೆಂಬ ಮಿತಿಯನ್ನೂ ಹಾಕುತ್ತವೆ. ಅಲ್ಲಿಯ ಗ್ರಾಹಕರಿಗೂ ವರ್ಷಾಂತ್ಯದಲ್ಲಿ ಇದೇ ಬಗೆಯ ನಿರಾಶೆ.

ಇದರಿಂದ ಮೊದಲ ವ್ಯಾವಹಾರಿಕ ಸೂಚನೆ ಹೊರಡುತ್ತದೆ. ದೀಪಾವಳಿಯ ಬೋನಸ್ಸಿನಂಥ ಗಂಟು ಹಣ ಬಂದಾಗ ಅದನ್ನು ಉಳಿತಾಯ ಖಾತೆಯ ಅಲ್ಪ ಬಡ್ಡಿಗೆ ಬಿಟ್ಟು, ತಿಂಗಳು ತಿಂಗಳಿಗೆ ಸಾವಿರದಂತೆ ಕಂತಿಗೆ ಒಯ್ಯುವುದು ಜಾಣತನವಲ್ಲ. ಅಂಚೆ ಕಚೇರಿಯಲ್ಲಿ ಕಂತುಗಳನ್ನು ಮುಂಗಡವಾಗಿ ಕಟ್ಟಿದವರಿಗೆ ರಿಯಾಯಿತಿಯುಂಟು: 100 ರೂಪಾಯಿಯ ಕಂತಿಗೆ ಆರು ತಿಂಗಳ ಮುಂಗಡಕ್ಕೆ 10 ರೂಪಾಯಿ, ಹನ್ನೆರಡು ತಿಂಗಳಿನದಕ್ಕೆ 40 ರೂಪಾಯಿ. ಸಾವಿರದ ಕಂತಿನವರು 12,000ದ ಬದಲು 11,600 ಕಟ್ಟಿ ವರ್ಷವಿಡೀ ನಿಶ್ಚಿಂತರಾಗಿರಬಹುದು. ಕಂತುಗಳು ಸರಾಸರಿ ಐದೂವರೆ ತಿಂಗಳು ಮುಂಚಿತವಾಗಿ ಸಂದಂತಾಗುವುದರಿಂದ ಈ 400 ರೂಪಾಯಿ ವಾರ್ಷಿಕ ಶೇಕಡಾ 7.2ಕ್ಕಿಂತ ತುಸು ಮೇಲೆಯೇ ನಿಲ್ಲುತ್ತದೆ. ಖಾತೆಯ ದರಕ್ಕಿಂತ ಹೆಚ್ಚಿನ ಲಾಭ ನಿಯಮಾವಳಿಯ ಒಂದು ಮೂಲೆಯಲ್ಲಿ ಅಡಗಿದೆ. ಕೇಳಿ ಪಡೆಯುವವರು ವಿರಳ.

ಬಡ್ಡಿ ಸೋರುವ ದೊಡ್ಡ ತೂತು ತಪ್ಪಿದ ಕಂತು. ಅಂಚೆಯಲ್ಲಿ ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಕೇಳಲು ಕ್ಷುಲ್ಲಕ. ಆದರೆ ಅದೇ ನೂರು ರೂಪಾಯಿ ಒಂದು ತಿಂಗಳಲ್ಲಿ ಗಳಿಸುವ ಬಡ್ಡಿ 56 ಪೈಸೆ! ದಂಡವು ಬಡ್ಡಿಯ ಸುಮಾರು ಎರಡರಷ್ಟು. ನಾಲ್ಕು ಕಂತು ತಪ್ಪಿದರೆ ಖಾತೆ ಸ್ಥಗಿತಗೊಳ್ಳುತ್ತದೆ. ಎರಡು ತಿಂಗಳೊಳಗೆ ಸರಿಪಡಿಸಿಕೊಳ್ಳದಿದ್ದರೆ ಮುಂದೆ ಕಂತು ಕಟ್ಟಲು ಅವಕಾಶವಿಲ್ಲ. ಆದುದರಿಂದ ಖಾತೆ ತೆರೆಯುವ ದಿನವನ್ನು ಪಂಚಾಂಗ ನೋಡಿ ಆರಿಸುವುದರ ಜೊತೆಗೆ ಸಂಬಳದ ದಿನವನ್ನೂ ನೋಡಬೇಕು. ತಿಂಗಳ 15ರೊಳಗೆ ತೆರೆದ ಖಾತೆಯ ಕಂತಿಗೆ ಪ್ರತಿ ತಿಂಗಳ 15 ಗಡುವು. 16ರ ನಂತರ ತೆರೆದುದಕ್ಕೆ ತಿಂಗಳ ಕೊನೆಯ ಕೆಲಸದ ದಿನ. ಏಳನೆಯ ತಾರೀಕು ಸಂಬಳ ಪಡೆಯುವವರಿಗೆ ಮೊದಲ ಪಕ್ಷವೇ ಹಿತ. ತಿಂಗಳ ಉತ್ತರಾರ್ಧದಲ್ಲಿ ಹಣ ಕಾಣುವ ಹೋಟೆಲಿನವರಿಗೂ ಸಣ್ಣ ವ್ಯಾಪಾರಿಗಳಿಗೂ ಎರಡನೆಯದು. ಬ್ಯಾಂಕಿನ ಆರ್.ಡಿ.ಯಾದರೆ ಸಂಬಳ ಜಮೆಯಾದ ಮರುದಿನವೇ ಕಂತು ತಾನಾಗಿ ಹೋಗುವಂತೆ ಆದೇಶ ಕೊಟ್ಟಿಡುವುದು ಲೇಸು.

ಮತ್ತೊಂದು ತೂತು, ಅವಧಿಗೆ ಮುನ್ನ ಖಾತೆ ಮುರಿಯುವುದು. ಅಂಚೆಯಲ್ಲಿ ಮೂರು ವರ್ಷ ತುಂಬುವ ಮೊದಲು ಮುರಿಯುವಂತಿಲ್ಲ; ಆಮೇಲೆ ಮುರಿದರೆ ಆರಂಭದಿಂದಲೂ ಉಳಿತಾಯ ಖಾತೆಯ ದರವಷ್ಟೇ ದೊರಕುತ್ತದೆ. ಸಾವಿರದಂತೆ 40 ಕಂತು ಕಟ್ಟಿದವರು ಮನೆಯಲ್ಲಿ ಕಾಯಿಲೆ ಬಂತೆಂದು ಖಾತೆ ಮುರಿದರೆ, ಶೇಕಡಾ 6.7ರಲ್ಲಿ ಬರಬೇಕಾದುದಕ್ಕೂ ಶೇಕಡಾ 4ರಲ್ಲಿ ಕೈಗೆ ಬರುವುದಕ್ಕೂ ಸುಮಾರು 2,000 ರೂಪಾಯಿ ಅಂತರ. ಅದರ ಬದಲು ಹನ್ನೆರಡು ಕಂತು ಕಟ್ಟಿ ವರ್ಷ ಕಳೆದ ಖಾತೆಯ ಮೇಲೆ ಜಮೆಯ ಅರ್ಧದವರೆಗೆ ಸಾಲ ಪಡೆಯಬಹುದು. ಖಾತೆಯ ದರದ ಮೇಲೆ ಶೇಕಡಾ ಎರಡು ಹೆಚ್ಚು ಬಡ್ಡಿ. 20,000 ರೂಪಾಯಿಗೆ ಮೂರು ತಿಂಗಳಿಗೆ 435 ರೂಪಾಯಿ! ಆಸ್ಪತ್ರೆಯ ಬಿಲ್ಲಿನ ಮುಂದೆ ನಿಂತವರಿಗೆ ಈ ಲೆಕ್ಕ ಹೊಳೆಯುವುದಿಲ್ಲ. ಅದನ್ನು ಮೊದಲೇ ಅರಿತಿರಬೇಕು. ಹಾಗೆಯೇ 3,000ದ ಒಂದೇ ಖಾತೆಗಿಂತ 1,000ದ ಮೂರು ಖಾತೆಗಳು ಮೇಲು. ಮುರಿಯಲೇಬೇಕಾಗಿ ಬಂದರೆ ಒಂದನ್ನು ಮುರಿದು ಎರಡನ್ನು ಉಳಿಸಿಕೊಳ್ಳಬಹುದು.

ಮನೆಗೆ ಬಂದು ಕಂತು ಒಯ್ಯುವ ಅಂಚೆಯ ಮಹಿಳಾ ಏಜೆಂಟರ ಯೋಜನೆ 1972ರಿಂದ ನಡೆದುಬಂದಿದೆ. ಬಡಾವಣೆಯ ಗೃಹಿಣಿಯರಿಗೆ ಅದೊಂದು ಉಪಕಾರವೇ ಸರಿ. ಆದರೂ ಏಜೆಂಟರ ಕಾರ್ಡಿನಲ್ಲಿ ಸಹಿ ಬಿದ್ದರೆ ಸಾಲದು. ಅಂಚೆ ಕಚೇರಿಯ ಪಾಸ್‌ಬುಕ್ಕಿನಲ್ಲಿ ಜಮೆಯಾದುದನ್ನು ಆಗಾಗ ನೋಡತಕ್ಕದ್ದು.

ಇಷ್ಟೆಲ್ಲ ಬಡ್ಡಿಯ ಮಾತು. ಅಸಲಿನ ಮಾತು ಇದಕ್ಕಿಂತ ದೊಡ್ಡದು. ಹೆಚ್ಚು ಬಡ್ಡಿಯ ಫಲಕ ಕಂಡೊಡನೆ ಅತ್ತ ಹೆಜ್ಜೆ ಹಾಕುವವರು 2019ರ ಸೆಪ್ಟೆಂಬರನ್ನು ನೆನೆಯಬೇಕು. ಭಾಂಡುಪಿನಲ್ಲಿ ಕೇಂದ್ರ ಕಚೇರಿಯಿದ್ದ ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ, ಮೊದಲ ದಿನಗಳಲ್ಲಿ ಠೇವಣಿದಾರರು ತೆಗೆಯಬಹುದಾಗಿದ್ದುದು 1,000 ರೂಪಾಯಿ. ಆ ಬ್ಯಾಂಕು 2022ರ ಜನವರಿಯಲ್ಲಿ ಬೇರೊಂದರಲ್ಲಿ ವಿಲೀನವಾಯಿತಾದರೂ, ದೊಡ್ಡ ಮೊತ್ತದವರು ಹಣಕ್ಕಾಗಿ ವರ್ಷಗಟ್ಟಲೆ ಕಾಯಬೇಕಾದ ಏರ್ಪಾಡೇ ಆಯಿತು. ಠೇವಣಿ ವಿಮೆಯ ಮಿತಿ ಆಗ ಒಂದು ಲಕ್ಷವಿತ್ತು. 2020ರ ಫೆಬ್ರವರಿ 4ರಿಂದ ಅದನ್ನು ಐದು ಲಕ್ಷಕ್ಕೆ ಏರಿಸಲಾಯಿತು. ಇದು ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನ ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿಗಳೂ ಸೇರಿ. ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಅರಿಯಬೇಕು: ಸಹಕಾರಿ ಬ್ಯಾಂಕಿಗೆ ಈ ವಿಮೆಯುಂಟು; ಓಣಿ ಓಣಿಗಳಲ್ಲಿ ಕಾಣುವ ಪತಪೇಢಿಗಳಿಗೆ, ಅಂದರೆ ಪತ್ತಿನ ಸಹಕಾರ ಸಂಘಗಳಿಗೆ, ಇಲ್ಲ. ಪರಿಚಿತರು ಕೂಡಿ ನಡೆಸುವ ಭಿಶಿಗಂತೂ ಪರಸ್ಪರ ನಂಬಿಕೆಯೊಂದೇ ಆಧಾರ. ಅಂಚೆಯ ಠೇವಣಿಗೆ ಭಾರತ ಸರ್ಕಾರವೇ ಹೊಣೆ. ಪತಪೇಢಿಯ ಎರಡು ಮೂರು ಶೇಕಡಾ ಹೆಚ್ಚಿನ ಬಡ್ಡಿ ಕಂತಿನ ಉಳಿತಾಯದಲ್ಲಿ ಅರ್ಧ ಅವಧಿಗಷ್ಟೇ ಫಲ ಕೊಡುತ್ತದೆ. ಅಪಾಯ ಮಾತ್ರ ಪೂರ್ತಿ ಅಸಲಿಗೆ.

ಬಡ್ಡಿಗೆ ಆದಾಯ ತೆರಿಗೆಯುಂಟೆಂಬುದನ್ನೂ ಮರೆಯಲಾಗದು. 2015ರ ಜೂನ್ 1ರಿಂದ ಬ್ಯಾಂಕಿನ ಆವರ್ತಕ ಠೇವಣಿಯೂ ಮೂಲದಲ್ಲೇ ತೆರಿಗೆ ಕಡಿತದ ವ್ಯಾಪ್ತಿಗೆ ಬಂದಿದೆ.

ಕೊನೆಯದಾಗಿ ದರದ ಏರಿಳಿತ. ಸರ್ಕಾರವು ಮೂರು ತಿಂಗಳಿಗೊಮ್ಮೆ ದರವನ್ನು ಪರಿಷ್ಕರಿಸುತ್ತದೆಯಾದರೂ, ಅಂಚೆಯ ಆರ್.ಡಿ.ಗೆ ಖಾತೆ ತೆರೆದ ದಿನದ ದರವೇ ಐದು ವರ್ಷವೂ ಸಲ್ಲುತ್ತದೆ. 2020ರ ಮಾರ್ಚಿನಲ್ಲಿ ತೆರೆದವರಿಗೆ ಶೇಕಡಾ 7.2 ದೊರೆಯಿತು, ಏಪ್ರಿಲಿನಲ್ಲಿ ತೆರೆದವರಿಗೆ 5.8. ಸಾವಿರದ ಕಂತಿಗೆ ಐದು ವರ್ಷದಲ್ಲಿ ಇದು ಸುಮಾರು 2,600 ರೂಪಾಯಿಯ ವ್ಯತ್ಯಾಸ. 2025ರಲ್ಲಿ ಇವೆರಡೂ ಖಾತೆಗಳು ಮುಗಿದಾಗ ಹೊಸ ಖಾತೆಯ ದರ 6.7 ಇತ್ತು. ಮುಗಿದ ಖಾತೆಯನ್ನು ಅರ್ಜಿ ಕೊಟ್ಟು ಇನ್ನೂ ಐದು ವರ್ಷ ಮುಂದುವರಿಸಲು ಅವಕಾಶವಿದ್ದು, ಆಗಲೂ ಮೂಲ ದರವೇ ಅನ್ವಯಿಸುತ್ತದೆ. ಮಾರ್ಚಿನವರಿಗೆ ಮುಂದುವರಿಸುವುದು ಲಾಭ. ಏಪ್ರಿಲಿನವರಿಗೆ ಹಣ ಪಡೆದು ಹೊಸ ಖಾತೆ ತೆರೆಯುವುದು ಲಾಭ. ಮುಂದುವರಿಸಿದ ಖಾತೆಯನ್ನು ಯಾವಾಗ ಬೇಕಾದರೂ ಮುಚ್ಚಬಹುದು. ತುಂಬಿದ ವರ್ಷಗಳಿಗೆ ಆರ್.ಡಿ.ಯ ದರ, ತುಂಬದ ತಿಂಗಳುಗಳಿಗೆ ಉಳಿತಾಯ ಖಾತೆಯ ದರ. ಹೀಗಾಗಿ ಮುಚ್ಚುವವರು ವರ್ಷ ತುಂಬುವ ದಿನಾಂಕವನ್ನು ಪಾಸ್‌ಬುಕ್ಕಿನಲ್ಲಿ ನೋಡಿಕೊಂಡು ಹೋಗುವುದು ಒಳ್ಳೆಯದು.